ಲಾಕ್ ಆದ ಖಾತೆ ವಾಪಸ್ ಪಡೆಯುವ ಬಗ್ಗೆ

ಎಲ್ಲರ ಗಮನಕ್ಕೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ ಲಾಕ್ ಆದರೆ ಗಾಬರಿಯಲ್ಲಿ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಒತ್ತಬೇಡಿ. ಹೆಚ್ಚು ಸಲ ತಪ್ಪಿದರೆ ಸ್ವಲ್ಪ ಹೊತ್ತು ಪ್ರಯತ್ನಿಸಲೂ ಬಿಡುವುದಿಲ್ಲ.

ಮೊದಲು ಇಮೇಲ್ ಭದ್ರಪಡಿಸಿ. ಅದು ಕಳ್ಳರ ಕೈಯಲ್ಲಿದ್ದರೆ ಉಳಿದದ್ದೆಲ್ಲ ವ್ಯರ್ಥ. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ (ಬಂದ ಪತ್ರವನ್ನು ಬೇರೆ ವಿಳಾಸಕ್ಕೆ ತಾನಾಗಿ ಕಳಿಸುವುದು), ಫಿಲ್ಟರ್ (ಪತ್ರಗಳನ್ನು ತಾನಾಗಿ ಬೇರೆಡೆ ಸರಿಸುವ ಅಥವಾ ಅಳಿಸುವ ನಿಯಮ) ಎರಡನ್ನೂ ನೋಡಿ. ಅಲ್ಲಿ ಗೊತ್ತಿಲ್ಲದ ವಿಳಾಸವಿದ್ದರೆ ಅಳಿಸಿ. ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂನಿಂದ ‘ನಿಮ್ಮ ಇಮೇಲ್ ವಿಳಾಸ ಬದಲಾಗಿದೆ’ ಎಂಬ ಪತ್ರ ಬಂದಿದೆಯಾ, ಸ್ಪ್ಯಾಮ್‌ನಲ್ಲೂ ಹುಡುಕಿ. ಅಸಲಿ ಪತ್ರದಲ್ಲಿ ಬದಲಾವಣೆ ರದ್ದು ಮಾಡುವ ಲಿಂಕ್ ಇರುತ್ತದೆ.

ಆಮೇಲೆ ಹಿಂದೆ ಲಾಗಿನ್ ಆಗಿದ್ದ ಅದೇ ಫೋನ್, ಅದೇ ವೈಫೈನಿಂದ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಹೊಸ ಸಾಧನದ ಮೇಲೆ ಅನುಮಾನ ಜಾಸ್ತಿ. ಒಟಿಪಿ ತಡವಾಯಿತೆಂದು ನಾಲ್ಕು ಸಲ ಕೇಳಿದರೆ ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ. ಅಥೆಂಟಿಕೇಟರ್ (ಲಾಗಿನ್ ಕೋಡ್ ತೋರಿಸುವ ಆ್ಯಪ್) ಬಳಸುತ್ತಿದ್ದರೆ ಅದರ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸರಿಯಾಗಿ ಹಾಕಿದರೂ ತಪ್ಪು ಅಂದರೆ ಫೋನಿನ ಗಡಿಯಾರ ನೋಡಿ, ಸಮಯ ‘ಆಟೋಮ್ಯಾಟಿಕ್’ನಲ್ಲಿರಲಿ.

ಒಳಗೆ ಹೋದ ತಕ್ಷಣ ಬೇರೆಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ಬ್ಯಾಕಪ್ ಕೋಡ್ (ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಕೊಡುವ ಕೋಡ್) ಕಾಗದದಲ್ಲಿ ಬರೆದಿಡಿ. ಫೋನಿನಲ್ಲೇ ಸ್ಕ್ರೀನ್‌ಶಾಟ್ ಇಟ್ಟರೆ ಫೋನ್ ಕಳೆದ ದಿನ ಅದೂ ಹೋಯಿತು!

ದುಡ್ಡು ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇವೆ ಅನ್ನುವವರಿಗೆ ಉತ್ತರವನ್ನೇ ಕೊಡಬೇಡಿ.