ದಾಯಾದಿ ವೈರಸ್‌ಗಳು, ಅವಧಿ ತೀರುವ ರಕ್ಷಣೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಬಂದ ಸೊಳ್ಳೆಜ್ವರಗಳ ಕುರಿತ ಲೇಖನದಲ್ಲಿ, ಒಮ್ಮೆ ಡೆಂಗಿ ಬಂದು ಹೋದವರಿಗೆ ಅದರ ಹತ್ತಿರದ ವೈರಸ್‌ಗಳ ವಿರುದ್ಧವೂ ರಕ್ಷಣೆ ದೊರೆಯುತ್ತದೆ ಎಂಬ ಅರ್ಥದ ಮಾತೊಂದಿತ್ತು. ಅದು ಸುಳ್ಳಲ್ಲ. ಆದರೆ ಆ ರಕ್ಷಣೆಗೆ ಒಂದು ಅವಧಿಯಿದೆ, ಅವಧಿ ತೀರಿದ ಮೇಲೆ ಅದೇ ರಕ್ಷಣೆಯ ಅವಶೇಷ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲದು ಎಂಬ ಉಳಿದರ್ಧವನ್ನು ಲೇಖನ ಹೇಳಲಿಲ್ಲ. ಈ ವಿಷಯವನ್ನು ಬಹುಕಾಲ ತರಗತಿಯಲ್ಲಿ ಪಾಠ ಮಾಡಿದವನಾದ್ದರಿಂದ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾದರೆ ಮನ್ನಿಸಬೇಕು.

ಡೆಂಗಿ ಎಂದು ನಾವು ಏಕವಚನದಲ್ಲಿ ಕರೆಯುವ ಕಾಯಿಲೆಯ ಹಿಂದೆ ಇರುವ ವೈರಸ್‌ಗಳು ನಾಲ್ಕು. ಒಂದಕ್ಕೊಂದು ಮೂರನೇ ಎರಡು ಪಾಲಿನಷ್ಟು ಹೋಲುವ ಈ ನಾಲ್ಕು ಸೀರೊಟೈಪ್‌ಗಳ (ಅಂದರೆ ಡೆಂಗಿ ವೈರಸ್‌ನ ನಾಲ್ಕು ಬಗೆಗಳ) ಜೊತೆಗೆ ಝೀಕಾ, ಹಳದಿ ಜ್ವರ, ಜಪಾನೀಸ್ ಎನ್ಸೆಫಲೈಟಿಸ್ ಮತ್ತು ವೆಸ್ಟ್ ನೈಲ್ ವೈರಸ್‌ಗಳೂ ಫ್ಲೇವಿವೈರಸ್ ಎಂಬ ಒಂದೇ ಮನೆತನಕ್ಕೆ ಸೇರಿದವು. ಚಿಕೂನ್‌ಗುನ್ಯಾವನ್ನೂ ಜನ ಇದೇ ಪಟ್ಟಿಗೆ ಸೇರಿಸುತ್ತಾರೆ, ಅದು ತಪ್ಪು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯೇ ಅದನ್ನೂ ಹೊತ್ತು ತರುತ್ತದೆ ನಿಜ. ಆದರೆ ಒಂದೇ ಬಸ್ಸಿನಲ್ಲಿ ಬಂದಿಳಿದ ಮಾತ್ರಕ್ಕೆ ಇಬ್ಬರು ನೆಂಟರಾಗುವುದಿಲ್ಲ. ಚಿಕೂನ್‌ಗುನ್ಯಾ ಆಲ್ಫಾವೈರಸ್ ಎಂಬ ಬೇರೆಯೇ ಮನೆತನದ್ದು. ಅದರ ನಿಜವಾದ ನೆಂಟ 1959ರಲ್ಲಿ ಉಗಾಂಡಾದಲ್ಲಿ ಪತ್ತೆಯಾದ ಓನ್ಯೋಂಗ್‌-ನ್ಯೋಂಗ್ ವೈರಸ್. ಆದ್ದರಿಂದ ಚಿಕೂನ್‌ಗುನ್ಯಾ ಅನುಭವಿಸಿದವರು ಡೆಂಗಿಯ ಬಗ್ಗೆ ನಿಶ್ಚಿಂತರಾಗಲು ಯಾವ ಕಾರಣವೂ ಇಲ್ಲ.

ನೆಂಟಸ್ತಿಕೆ ಇರುವಲ್ಲಿ ರಕ್ಷಣೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಮೊದಲು ಅಳೆದವರು ಆಲ್ಬರ್ಟ್ ಸೇಬಿನ್. ಮುಂದೆ ಪೋಲಿಯೊ ಹನಿಯಿಂದ ಹೆಸರಾದ ಇವರು ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಯಂಸೇವಕರಿಗೆ ಒಂದು ಬಗೆಯ ಡೆಂಗಿ ವೈರಸ್ ಕೊಟ್ಟು, ಬೇರೆ ಬೇರೆ ಅಂತರದಲ್ಲಿ ಇನ್ನೊಂದು ಬಗೆಯದನ್ನು ಕೊಟ್ಟು ನೋಡಿದರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗವದು. ಮೊದಲ ಬಗೆಯೇ ಮರಳಿ ಬಂದರೆ ರಕ್ಷಣೆ ದೀರ್ಘಕಾಲ ಉಳಿಯಿತು. ಬೇರೆ ಬಗೆ ಬಂದಾಗ ಸುಮಾರು ಎರಡು ತಿಂಗಳವರೆಗೆ ಜ್ವರ ಕಾಣಿಸಲಿಲ್ಲ, ಆಮೇಲಿನ ಕೆಲವು ತಿಂಗಳು ಕಾಯಿಲೆ ಸೌಮ್ಯವಾಗಿತ್ತು, ಅನಂತರ ಆ ಅನುಕೂಲವೂ ಇಲ್ಲವಾಯಿತು. ಜನಸಮುದಾಯಗಳ ಮೇಲಿನ ಈಚಿನ ಅಧ್ಯಯನಗಳು ಈ ಅವಧಿಯನ್ನು ಒಂದೆರಡು ವರ್ಷಗಳವರೆಗೂ ಹಿಗ್ಗಿಸಿವೆಯೇ ಹೊರತು ಅದು ತಾತ್ಕಾಲಿಕ ಎಂಬುದನ್ನು ಅಲ್ಲಗಳೆದಿಲ್ಲ.

ತಾತ್ಕಾಲಿಕ ರಕ್ಷಣೆ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾ ದ್ವೀಪಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ತಿಳಿದಂತೆ ಬೇರೊಂದಿಲ್ಲ. ಅಲ್ಲಿ 1977ರಲ್ಲಿ ಮೊದಲ ಸೀರೊಟೈಪ್ ಹರಡಿತು. ಜನಸಂಖ್ಯೆಯ ದೊಡ್ಡ ಭಾಗಕ್ಕೆ ತಗುಲಿದರೂ ಕಾಯಿಲೆ ಬಹುತೇಕ ಸೌಮ್ಯವಾಗಿಯೇ ಇತ್ತು. ನಾಲ್ಕು ವರ್ಷಗಳ ನಂತರ, 1981ರಲ್ಲಿ, ಎರಡನೇ ಸೀರೊಟೈಪ್ ಬಂದಾಗ 3.44 ಲಕ್ಷ ಪ್ರಕರಣಗಳು ವರದಿಯಾದವು, ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತೀವ್ರ ಸ್ವರೂಪದವು. 158 ಮಂದಿ ಸತ್ತರು, ಅವರಲ್ಲಿ 101 ಮಕ್ಕಳು. ತೀವ್ರ ಕಾಯಿಲೆಗೆ ಬಿದ್ದವರಲ್ಲಿ ಬಹುಪಾಲು ಜನ ಮೊದಲ ಅಲೆಯ ಸೋಂಕನ್ನು ಕಂಡವರೇ ಆಗಿದ್ದರು. ಕತೆ ಅಲ್ಲಿಗೆ ನಿಲ್ಲಲಿಲ್ಲ. 1997ರಲ್ಲಿ ಸ್ಯಾಂಟಿಯಾಗೊ ದ ಕ್ಯೂಬಾದಲ್ಲಿ ಎರಡನೇ ಸೀರೊಟೈಪ್ ಮತ್ತೆ ಕಾಣಿಸಿಕೊಂಡಾಗ ತೀವ್ರ ಡೆಂಗಿ ಬಂದದ್ದು ವಯಸ್ಕರಿಗೆ. ಮೊದಲ ಅಲೆಯ ನಂತರ ಹುಟ್ಟಿದ ಮಕ್ಕಳು ಪಾರಾದರು. ಎರಡು ಸೋಂಕುಗಳ ನಡುವಿನ ಅಂತರ ನಾಲ್ಕು ವರ್ಷವಿದ್ದಾಗಿನದಕ್ಕಿಂತ ಇಪ್ಪತ್ತು ವರ್ಷವಾದಾಗ ಅಪಾಯ ಹೆಚ್ಚಿತ್ತು. ಕಾಲ ಕಳೆದಂತೆ ಹಳೆಯ ಸೋಂಕಿನ ಪ್ರಭಾವ ಅಳಿಸಿಹೋಗುತ್ತದೆ ಎಂದು ಭಾವಿಸುವ ನಮ್ಮ ಸಾಮಾನ್ಯ ತರ್ಕ ಇಲ್ಲಿ ತಲೆಕೆಳಗಾಯಿತು.

ಇದಕ್ಕೆ ಕಾರಣ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳು, ಕೆಲಸ ಮಾಡುವ ರೀತಿಯಲ್ಲಿದೆ. ಪ್ರತಿಕಾಯವು ವೈರಸ್‌ಗೆ ಅಂಟಿಕೊಳ್ಳುವುದು ಬೇರೆ, ಅದನ್ನು ನಿಷ್ಕ್ರಿಯಗೊಳಿಸುವುದು ಬೇರೆ. ಫ್ಲೇವಿವೈರಸ್‌ನ ಹೊರಮೈಯ ಪ್ರೋಟೀನಿನಲ್ಲಿ ಇಡೀ ಮನೆತನಕ್ಕೆ ಸಮಾನವಾದ ಕೆಲವು ಭಾಗಗಳಿವೆ. ಹಳೆಯ ಸೋಂಕಿನ ಪ್ರತಿಕಾಯಗಳು ಹೊಸ ವೈರಸ್‌ನಲ್ಲೂ ಆ ಭಾಗಗಳನ್ನು ಗುರುತಿಸಿ ಹಿಡಿಯುತ್ತವೆ, ಆದರೆ ಸಾಕಷ್ಟು ಸಂಖ್ಯೆಯಲ್ಲಿ ಹಿಡಿಯದಿದ್ದರೆ ವೈರಸ್ ಜೀವಂತವಾಗಿಯೇ ಉಳಿಯುತ್ತದೆ. ಪ್ರತಿಕಾಯದ ಬಾಲವನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವುದು ಮಾನೊಸೈಟ್ ಎಂಬ ಬಿಳಿ ರಕ್ತಕಣಗಳ ಸಹಜ ಕೆಲಸ. ಡೆಂಗಿ ವೈರಸ್ ವಂಶ ಬೆಳೆಸುವುದೇ ಆ ಜೀವಕೋಶಗಳೊಳಗೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಕೆಲವರು ಇದನ್ನು ವರ್ಣಿಸುವುದುಂಟು. ಗಾದೆ ಒಪ್ಪುತ್ತದೆ, ಆದರೆ ಒಂದು ತಿದ್ದುಪಡಿ ಬೇಕು: ಬೇಲಿ ದಟ್ಟವಾಗಿರುವವರೆಗೆ ಕಾಯುತ್ತದೆ, ಬೇಲಿಯೇ ಇಲ್ಲದಿದ್ದರೆ ಈ ಬಗೆಯ ಅಪಾಯವಿಲ್ಲ, ವಿರಳವಾದಾಗ ಮಾತ್ರ ಅದು ಮೇಯಲು ತೊಡಗುತ್ತದೆ. ನಿಕರಾಗುವಾದಲ್ಲಿ ಸುಮಾರು 8 ಸಾವಿರ ಮಕ್ಕಳ ರಕ್ತವನ್ನು ವರ್ಷವರ್ಷವೂ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದೂ ಇದನ್ನೇ. ಪ್ರತಿಕಾಯದ ಪ್ರಮಾಣ ಒಂದು ನಿರ್ದಿಷ್ಟ ಕೆಳಮಟ್ಟದಲ್ಲಿದ್ದ ಮಕ್ಕಳಿಗೆ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗೂ ಮೀರಿತ್ತು.

ಹಸುಗೂಸುಗಳ ವಿಚಾರ ಹೇಳದಿದ್ದರೆ ಈ ವಾದ ಪೂರ್ಣವಾಗದು. ಡೆಂಗಿ ಕಂಡ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿಗೆ ಬರುತ್ತವೆ. ಮೊದಲ ತಿಂಗಳುಗಳಲ್ಲಿ ಅವು ಕಾಯುತ್ತವೆ, ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಕ್ಷೀಣಿಸಿರುತ್ತವೆ, ತೀವ್ರ ಡೆಂಗಿ ಹೆಚ್ಚಾಗಿ ಕಾಣುವುದೂ ಆ ವಯಸ್ಸಿನ ಶಿಶುಗಳಲ್ಲೇ. ಮಗುವಿಗೆ ಅದು ಬದುಕಿನ ಮೊದಲ ಡೆಂಗಿ; ಹಳೆಯ ಸೋಂಕು ಇಲ್ಲದಿದ್ದರೂ ಕಾಯಿಲೆ ಉಲ್ಬಣಿಸುವುದರಿಂದ ಸಂಶಯ ತಾಯಿಯಿಂದ ಬಂದ ಪ್ರತಿಕಾಯದ ಮೇಲೆಯೇ ಬೀಳುತ್ತದೆ. ಬ್ಯಾಂಕಾಕ್‌ನ ಮಕ್ಕಳ ಕಾಯಿಲೆಯನ್ನು 1960ರ ದಶಕದಿಂದ ಅಧ್ಯಯನ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್ ಪ್ರತಿಕಾಯದ ಕಡೆಗೆ ಬೆರಳು ಮಾಡಲು ಇಂಥ ಶಿಶುಗಳೂ ಒಂದು ಮುಖ್ಯ ಕಾರಣ.

ಝೀಕಾ ಮತ್ತು ಡೆಂಗಿಯ ನಡುವೆ ಈ ಲೆಕ್ಕ ಎರಡೂ ದಿಕ್ಕಿನಲ್ಲಿ ಸಮವಾಗಿಲ್ಲ ಎಂಬುದು ಕುತೂಹಲದ ಸಂಗತಿ. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ಡೆಂಗಿಯ ಪ್ರತಿಕಾಯ ಹೆಚ್ಚಿದ್ದವರಿಗೆ ಝೀಕಾ ತಗುಲುವ ಸಂಭವ ಕಡಿಮೆಯಿತ್ತು; ಆದರೆ ಮೊದಲು ಝೀಕಾ ಕಂಡ ನಿಕರಾಗುವಾದ ಮಕ್ಕಳಿಗೆ ಅನಂತರ ಬಂದ ಎರಡನೇ ಸೀರೊಟೈಪ್ ಡೆಂಗಿ ಹೆಚ್ಚು ಕಾಡಿತು. ಝೀಕಾ ಅಲೆಯ ಬೆನ್ನಿಗೆ ಅಮೆರಿಕ ಖಂಡಗಳಲ್ಲಿ 2017 ಮತ್ತು 2018ರಲ್ಲಿ ಡೆಂಗಿ ಇಳಿದು, 2019ರಲ್ಲಿ 30 ಲಕ್ಷ ಪ್ರಕರಣಗಳನ್ನು ದಾಟಿತು. ಆ ಎರಡು ವರ್ಷಗಳ ಇಳಿಕೆಗೆ ಅಡ್ಡ ರಕ್ಷಣೆಯೂ (ದಾಯಾದಿ ವೈರಸ್‌ನ ಸೋಂಕಿನಿಂದ, ಇಲ್ಲಿ ಝೀಕಾದಿಂದ, ತಾತ್ಕಾಲಿಕವಾಗಿ ದೊರೆತ ರಕ್ಷಣೆಯೂ) ಒಂದು ಕಾರಣವಿರಬಹುದೆಂದು ಹಲವು ತಜ್ಞರು ಊಹಿಸುತ್ತಾರೆ.

ಇದೆಲ್ಲ ಪ್ರಯೋಗಾಲಯದ ಚರ್ಚೆ ಎಂದು ಯಾರಾದರೂ ತಳ್ಳಿಹಾಕುವುದಾದರೆ ಫಿಲಿಪ್ಪೀನ್ಸ್ ಕಡೆ ನೋಡಬೇಕು. ಅಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗ್‌ವಾಕ್ಸಿಯಾ ಲಸಿಕೆ ಕೊಡಲಾರಂಭಿಸಿ, 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಾದ ಮೇಲೆ, 2017ರ ನವೆಂಬರ್‌ನಲ್ಲಿ ತಯಾರಕ ಕಂಪನಿಯೇ ಒಂದು ಸಂಗತಿಯನ್ನು ಒಪ್ಪಿಕೊಂಡಿತು: ಹಿಂದೆ ಡೆಂಗಿ ಕಾಣದ ಮಕ್ಕಳಲ್ಲಿ ಈ ಲಸಿಕೆಯು ಮುಂದಿನ ಸೋಂಕನ್ನು ತೀವ್ರಗೊಳಿಸಬಹುದು. ಅಂದರೆ ಲಸಿಕೆಯೇ ಮೊದಲ ಸೋಂಕಿನ ಪಾತ್ರ ವಹಿಸಿತ್ತು. ಹಿಂದೆ ಸೋಂಕು ಕಂಡವರಿಗೆ ಅದೇ ಲಸಿಕೆ ಉಪಕಾರಿಯಾಗಿತ್ತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಕಾರ್ಯಕ್ರಮ ನಿಂತಿತು, ಜೊತೆಗೆ ಆ ದೇಶದಲ್ಲಿ ಬೇರೆ ಲಸಿಕೆಗಳ ಮೇಲಿನ ವಿಶ್ವಾಸವೂ ಕುಸಿಯಿತು.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಎರಡನೇ ಬಾರಿ ಡೆಂಗಿ ಬಂದವರಲ್ಲಿ ಹೆಚ್ಚಿನವರು ಯಾವ ತೊಡಕೂ ಇಲ್ಲದೆ ಗುಣವಾಗುತ್ತಾರೆ. ಎರಡು ಬೇರೆ ಬೇರೆ ಸೀರೊಟೈಪ್‌ಗಳನ್ನು ಕಂಡವರಲ್ಲಿ ಮೂರನೆಯ, ನಾಲ್ಕನೆಯ ಸೋಂಕು ತೀವ್ರವಾಗುವುದು ಅಪರೂಪ. ಅಷ್ಟರ ಮಟ್ಟಿಗೆ ಅಡ್ಡ ರಕ್ಷಣೆ ಕೊನೆಗೂ ಕೈಹಿಡಿಯುತ್ತದೆ. ನನ್ನ ಆಕ್ಷೇಪವಿರುವುದು ‘ರಕ್ಷಣೆ ದೊರೆಯುತ್ತದೆ’ ಎಂದು ಅವಧಿಯನ್ನು ಸೂಚಿಸದೆ ಬರೆಯುವುದರ ಬಗ್ಗೆ ಮಾತ್ರ. ಅದನ್ನು ಓದಿದ, ಒಮ್ಮೆ ಡೆಂಗಿ ಕಂಡ ವ್ಯಕ್ತಿ ಮುಂದಿನ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುತ್ತಾನೆ. ವಾಸ್ತವದಲ್ಲಿ ಎಲ್ಲರಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕಾದವನು ಅವನೇ.

ತಾವು ಮುಂದೆ ಈ ವಿಷಯ ಪ್ರಕಟಿಸುವಾಗ ಎರಡು ಸಂಗತಿಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಡೆಂಗಿ ಖಚಿತವಾದ ಪರೀಕ್ಷಾ ವರದಿಯನ್ನು ಜನ ಎಸೆಯದೆ ಇಟ್ಟುಕೊಂಡು ಮುಂದಿನ ಜ್ವರದಲ್ಲಿ ವೈದ್ಯರಿಗೆ ತೋರಿಸಲಿ. ಹಳೆಯ ಸೋಂಕನ್ನು ಹುಡುಕುವ ಐಜಿಜಿ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ, ಏಕೆಂದರೆ ದಾಯಾದಿ ವೈರಸ್‌ನ ಸೋಂಕು ಅಥವಾ ಲಸಿಕೆಯಿಂದ ಬಂದ ಪ್ರತಿಕಾಯಕ್ಕೂ ಅದು ‘ಪಾಸಿಟಿವ್’ ಎನ್ನಬಹುದು. ಇನ್ನೊಂದು, ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತು. ಆ ಒಂದೆರಡು ದಿನಗಳಲ್ಲಿ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು.

ಇಂತಿ,
ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ