ಟಿಕೆಟ್ ಬೀದಿಯ ಕಾರ್ಯಕರ್ತರಿಗೂ ಸಿಗಲಿ

ಮಾನ್ಯರೇ,

ಎಸ್.ಆರ್. ಬೊಮ್ಮಾಯಿ, ಮಗ ಬಸವರಾಜ. ದೇವೇಗೌಡರು, ಮಗ ಕುಮಾರಸ್ವಾಮಿ. ನಾಲ್ವರೂ ಮುಖ್ಯಮಂತ್ರಿಗಳಾದವರು. ಮೂರನೇ ತಲೆಮಾರಿನ ಭರತ್ ಮತ್ತು ನಿಖಿಲ್ 2024ರ ಉಪಚುನಾವಣೆಯಲ್ಲಿ ಶಿಗ್ಗಾವಿ, ಚನ್ನಪಟ್ಟಣದಲ್ಲಿ ಸೋತರು. ಕುಟುಂಬ ರಾಜಕಾರಣಕ್ಕೆ ಮತದಾರರೇ ಕಾರಣ ಅಂತ ಸುಮ್ನೆ ದೂರಬೇಡಿ. ಟಿಕೆಟ್ ಕೊಡುವುದು ಪಕ್ಷಗಳು ಅಲ್ವಾ?

ಬಸವನಗುಡಿಯ ನಮ್ಮ ಬೀದಿಯಲ್ಲಿ ಒಬ್ಬ ಕಾರ್ಯಕರ್ತರಿದ್ದಾರೆ. ಚುನಾವಣೆ ಬಂದರೆ ಮನೆಮನೆಗೆ ವೋಟರ್ ಸ್ಲಿಪ್ ಹಂಚುತ್ತಾರೆ. ಚರಂಡಿ ಕಟ್ಟಿಕೊಂಡರೆ ಇಂಜಿನಿಯರ್‌ಗೆ ಫೋನ್ ಮಾಡಿ, ಕೆಲಸ ಮುಗಿಯುವವರೆಗೂ ಅಲ್ಲೇ ನಿಂತಿರುತ್ತಾರೆ. ಇಂಥವರಿಗೆ ಪಾಲಿಕೆಯೇ ಮೊದಲ ಮೆಟ್ಟಿಲು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮನೆತನದ ಹೆಸರಿದ್ದವರಿಗೆ ಇದರಿಂದ ನಷ್ಟವಿಲ್ಲ, ಇವರಿಗೇ ಜಾಸ್ತಿ. ವಾರ್ಡ್ ಚುನಾವಣೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಸಿ. ಟಿಕೆಟ್ ಹಂಚುವಾಗ ಇವರನ್ನೂ ಕರೆಯಿರಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು