ನಮ್ಮ ಗರಡಿಮನೆಯ ಮಟ್ಟಿಗೆ, ಗದೆಗೆ ನಿಮ್ಮ ಕೈ ಸೇರಲಿ

ಆತ್ಮೀಯರೇ,

ಮೈಸೂರಿನ ನಮ್ಮ ಗರಡಿಮನೆಯಲ್ಲಿ ಬೆಳಿಗ್ಗೆ 5 ಗಂಟೆಗೇ ದೀಪ ಹಚ್ಚುತ್ತೇವೆ. ಹುಡುಗರು ಆಂಜನೇಯನಿಗೆ ಕೈಮುಗಿದು, ಮಟ್ಟಿಯ, ಅಂದರೆ ಕುಸ್ತಿ ಆಡುವ ಅಂಕಣದ ಮಣ್ಣು ಹಣೆಗೆ ಹಚ್ಚಿಕೊಂಡು ಸಾಮಿಗೆ, ಅಂದರೆ ಕಸರತ್ತಿಗೆ ಇಳಿಯುತ್ತಾರೆ. ಈ ಮಳೆಗಾಲದಲ್ಲಿ ಹೆಂಚು ಸೋರಿ ಮಟ್ಟಿಯೆಲ್ಲ ಕೆಸರಾಯಿತು. ಮೂಲೆಯಲ್ಲಿಟ್ಟ ಗದೆಗಳ ಹಿಡಿಗೆ ಗೆದ್ದಲು ಹತ್ತಿದೆ. ಅದಕ್ಕೇ ಈ ಮನವಿ.

ಗದೆ ಅಂದ ಕೂಡಲೇ ಕ್ಯಾಲೆಂಡರಿನ ಆಂಜನೇಯ ಕಣ್ಣಿಗೆ ಬರುತ್ತಾನೆ, ಅಲ್ವಾ? ವಿಷ್ಣುವಿನ ಕೈಯಲ್ಲಿರುವ ಗದೆಯ ಹೆಸರು ಕೌಮೋದಕಿ. ಆದರೆ ಗರಡಿಯವರಿಗೆ ಹತ್ತಿರದ್ದು ಭೀಮ, ದುರ್ಯೋಧನರ ಕಥೆ. ಇಬ್ಬರಿಗೂ ಬಲರಾಮನೇ ಗುರು. ಕೊನೆಯ ಕಾಳಗದ ಹೊತ್ತಿಗೆ ಕೃಷ್ಣನೇ ಒಪ್ಪಿಕೊಳ್ಳುತ್ತಾನೆ: ಬಲ ಭೀಮನದು ಜಾಸ್ತಿ, ಪಳಗಿದ ಕೈ ದುರ್ಯೋಧನನದು. ಯಾಕೆಂದರೆ ಅವನು ಕಬ್ಬಿಣದ ಭೀಮನನ್ನು ಮಾಡಿಸಿ, 13 ವರ್ಷ ಅದರ ಮೇಲೆ ಗದೆ ಬೀಸಿ ಕಲಿತಿದ್ದ. ಭೀಮ ಗೆದ್ದದ್ದು ತೊಡೆಗೆ ಹೊಡೆದು. ಹೊಕ್ಕುಳ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿಯಿತೆಂದು ಬಲರಾಮ ನೇಗಿಲೆತ್ತಿ ಅವನ ಮೇಲೇ ಬಂದ. ಹೊಸದಾಗಿ ಸೇರಿದ ಪ್ರತಿ ಹುಡುಗನಿಗೂ ನಮ್ಮ ಉಸ್ತಾದರು ಮೊದಲು ಹೇಳುವುದು ಇದನ್ನೇ. ದುರ್ಯೋಧನನ ಅಭ್ಯಾಸ ಕಲಿ, ಬಲರಾಮನ ನಿಯಮ ಮರೆಯಬೇಡ.

ಗದೆ ತಿರುಗಿಸುವುದು ಸುಮ್ನೆ ತೋಳಿನ ಕೆಲಸವಲ್ಲ. ಉದ್ದ ಹಿಡಿ, ತುದಿಯಲ್ಲಿ ಭಾರ. ಒಂದು ಹೆಗಲಿನಿಂದ ಬೆನ್ನ ಹಿಂದೆ ಇಳಿಸಿ ಇನ್ನೊಂದು ಹೆಗಲಿನಿಂದ ಎತ್ತಬೇಕು. ಆ ಭಾರ ನಮ್ಮನ್ನೇ ಎಳೆಯುತ್ತದೆ. ಕಾಲು ಊರಿ, ಉಸಿರು ಹಿಡಿದು ಅದನ್ನು ತಡೆಯುತ್ತಾ ತಡೆಯುತ್ತಾ ಭುಜ, ಬೆನ್ನು, ಮುಂಗೈ ಗಟ್ಟಿಯಾಗುತ್ತವೆ. ದಸರಾ ಕುಸ್ತಿಯಲ್ಲಿ ಗೆದ್ದವರ ಹೆಗಲ ಮೇಲೆ ಬೆಳ್ಳಿ ಗದೆ ನೋಡಿದ್ದೀರಲ್ಲ, ಅದರ ಹಿಂದೆ ಇಂಥ ಎಷ್ಟೋ ಬೆಳಗುಗಳಿರುತ್ತವೆ.

ಈಗ ಮೊದಲು ಚಾವಣಿ ರಿಪೇರಿ ಆಗಬೇಕು. ಆಮೇಲೆ ಹೊಸ ಮಟ್ಟಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ತುಪ್ಪ, ಅರಿಶಿನ, ಕುಂಕುಮ ಬೆರೆಸಬೇಕು. ದೊಡ್ಡವರಿಗೆ ಕಲ್ಲಿನ ಗದೆ, ಮಕ್ಕಳಿಗೆ ಹಗುರವಾದ ಮರದ ಗದೆ ಮಾಡಿಸಬೇಕು. ಇಲ್ಲಿ ಸಾಮು ಕಲಿಸಲು ಯಾರಿಂದಲೂ ಫೀಸು ತೆಗೆದುಕೊಳ್ಳುವುದಿಲ್ಲ. ಆಟೋ ಓಡಿಸುವವರ, ಹೂ ಮಾರುವವರ ಮಕ್ಕಳೇ ಜಾಸ್ತಿ. ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇವೆ.

ಹಣವನ್ನೇ ಕೊಡಬೇಕೆಂದಿಲ್ಲ. ಒಂದು ಡಬ್ಬ ಎಣ್ಣೆ, ನಾಲ್ಕು ಹೆಂಚು, ಒಂದು ಗಾಡಿ ಮಣ್ಣು, ಬಡಗಿಯವರಾದರೆ ಒಂದು ದಿನದ ಕೆಲಸ, ಏನು ಕೊಟ್ಟರೂ ಸಂತೋಷ. ಹಣ ಕೊಟ್ಟವರು ದಯವಿಟ್ಟು ರಶೀದಿ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಗರಡಿಯ ಬಾಗಿಲಲ್ಲೇ ಹಚ್ಚುತ್ತೇವೆ. ಮಟ್ಟಿ ಪೂಜೆಯ ದಿನ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ, ಹುಡುಗರ ಸಾಮು ನೋಡಿ, ಪ್ರಸಾದ ತೆಗೆದುಕೊಂಡು ಹೋಗಿ.

ಇಂತಿ,
ಗರಡಿಮನೆಯ ಹಿರಿಯರು ಮತ್ತು ಹುಡುಗರು